ಬಿಳಿ ತಲೆಯ ಗೂಟಗಳು

ಸಂಗುಮುನೈ, ಮನ್ನಾರ್ ದ್ವೀಪ
8 ಮೇ 2022

ತಮ್ಮಾ ಸವಿರಿ,

ಈ ಕಾಗದ ಮೀನು ನಾತ ಹೊಡೆದರೆ ಮೂಗು ಮುಚ್ಚಿಕೊಂಡು ಓದು. ನಿಸ್ತಾರ್ ನಾನಾನ ಐಸ್ ಲಾರಿಯಲ್ಲಿ, ಬಂಗುಡೆ ಪೆಟ್ಟಿಗೆಗಳ ಸಂದಿಯಲ್ಲಿ ಕೂತು ಕೊಲಂಬೊಗೆ ಬರುತ್ತಿದೆ. ಫೋನಿನ ಸಹವಾಸ ನನಗೆ ಸಾಕಾಯಿತು. ಕರಂಟು ಬಂದದ್ದು ಗೊತ್ತಾಗುವುದರೊಳಗೆ ಹೋಗಿರುತ್ತದೆ. ಇದ್ದಾಗ ನೀನು ಕಳಿಸಿದ ಧ್ವನಿ ಸಂದೇಶವನ್ನು ನಿನ್ನ ಭಾವ ಮೀನುಗಾರ ಸಂಘದ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕೇಳುವಂತೆ ಹಾಕಿಬಿಟ್ಟರು. "ಅಕ್ಕ, ಕಂಪನಿಯವರ ಜೊತೆ ಊಟಕ್ಕೆ ಕೂತಿದ್ದೀನಿ, ಆಮೇಲೆ ಮಾಡ್ತೀನಿ" ಅಂದೆಯಲ್ಲ, ಆ ಊಟದ ಸುದ್ದಿಯನ್ನು ಊರು ಇನ್ನೂ ಅಗಿಯುತ್ತಿದೆ.

ನೈಋತ್ಯದ ಚೋಳಗ ಗಾಳಿ ಶುರುವಾಗಿದೆ. ಬೆನ್ನ ಕಡೆಯಿಂದ ಬೀಸುವುದರಿಂದ ನಮ್ಮ ಕಡಲು ತಣ್ಣಗಿದೆ. ದಡದಿಂದ ರಂಪಣಿ ಬಲೆ ಎಳೆಯುವ ಕಾಲ. ಎಳೆಯುವುದು ಯಾರು? ನೀನು ಊರು ಬಿಟ್ಟ ಮೇಲೆ ಇಲ್ಲಿ ಕೈಯಲ್ಲಿ ಬಲೆ ಎಳೆದವರೇ ಇಲ್ಲ, ಟ್ರಾಕ್ಟರೇ ಎಳೆಯುತ್ತಿತ್ತು. ಈಗ ಟ್ರಾಕ್ಟರಿಗೆ ಡೀಸೆಲ್ ಇಲ್ಲ, ದೋಣಿಗೆ ಸೀಮೆಎಣ್ಣೆ ಇಲ್ಲ. ನಿನ್ನ ಭಾವ ಎರಡು ಕ್ಯಾನು ಹಿಡಿದು ಬಂಕಿನ ಮುಂದೆ ಸಂಸಾರ ಹೂಡಿದ್ದಾರೆ. ಊಟ ಕಳಿಸಿದರೆ ಕ್ಯೂನಲ್ಲಿ ಮುಂದೆ ಇರುವವನಿಗೂ ಒಂದು ಪೊಟ್ಟಣ ಕಳಿಸು ಅನ್ನುತ್ತಾರೆ.

ವಿಷಯಕ್ಕೆ ಬರುತ್ತೇನೆ. ಲೆಂಬರ್ಟ್ ಮಾವ ಇವತ್ತು ಚರ್ಚಿನಲ್ಲಿ ಪೂಜೆ ಮುಗಿಸಿ ಹೊರಗೆ ಬರುತ್ತಿದ್ದಾಗ ನನ್ನನ್ನು ತಡೆದು ಕೇಳಿದರು: "ಎಮರೆನ್ಸಿಯಾ, ಗಾಳಿಯಂತ್ರದ ಕಂಪನಿ ನಮ್ಮ ತೀರದುದ್ದಕ್ಕೂ ರಸ್ತೆ ಹಾಕ್ತದಂತೆ. ನಿನ್ನ ತಮ್ಮ ಅಲ್ಲೇ ಅಲ್ವೇನಮ್ಮ ಕೆಲಸಕ್ಕಿರೋದು? ನಮಗಿಂತ ಮೊದಲು ನಿನಗೆ ಗೊತ್ತಿರ್ಬೇಕು." ನಗುತ್ತಲೇ ಕೇಳಿದರು. ಆ ನಗು ನನಗೆ ಹಿಡಿಸಲಿಲ್ಲ.

ಸಂಗುಮುನೈಯಲ್ಲಿ ಇರುವುದೇ ಎರಡು ದಂಡೆ. ಒಂದು ಅವರದು, ಒಂದು ನಮ್ಮದು. ಈ ದಂಡೆಯಲ್ಲಿ ನಮ್ಮ ಬಲೆ ಮಾತ್ರ ಬೀಳಬೇಕು ಅನ್ನುವ ಹಕ್ಕೊಂದನ್ನು ಬಿಟ್ಟರೆ ಅಪ್ಪ ನಮಗೆ ಬೇರೇನೂ ಬಿಟ್ಟುಹೋಗಲಿಲ್ಲ. ಅಲ್ಲಿ ರಸ್ತೆ ಬಂದರೆ ಬಲೆ ಎಳೆಯಲು ನಿಲ್ಲುವ ಜಾಗವೇ ಇರುವುದಿಲ್ಲ. ನೇರವಾಗಿ ಕೇಳುತ್ತೇನೆ, ನೇರವಾಗಿ ಹೇಳು. ನಿನ್ನ ಕಂಪನಿಯ ಕಣ್ಣು ನಮ್ಮ ದಂಡೆಯ ಮೇಲಿದೆಯಾ?

ನಿನ್ನ ಅಕ್ಕ,
ಎಮರೆನ್ಸಿಯಾ


ಕೊಲಂಬೊ
17 ಮೇ 2022

ಅಕ್ಕ,

ಕಾಗದ ಸಿಕ್ಕಿತು. ನಾತವೂ ಸಿಕ್ಕಿತು, ಊರಿಗೆ ಬಂದ ಹಾಗಾಯಿತು. ಇಲ್ಲಿ ಹೋದ ವಾರವೆಲ್ಲ ಗಲಭೆ, ಬೆಂಕಿ, ಕರ್ಫ್ಯೂ. ಗ್ಯಾಸ್ ಸಿಲಿಂಡರನ್ನು ಸರಪಳಿಯಲ್ಲಿ ಕಟ್ಟಿ ಕ್ಯೂನಲ್ಲಿ ನಿಲ್ಲಿಸಿ ಬಂದಿದ್ದೇನೆ. ಮನೆಯಲ್ಲಿ ಬಿಸ್ಕತ್ತೇ ಊಟ. ಕಂಪನಿಯ ಊಟ ಅಂದದ್ದು ಎರಡು ತುಂಡು ಬ್ರೆಡ್ಡು ಮತ್ತು ಬೇಳೆ ಸಾರು ಅಂತ ಲೆಂಬರ್ಟ್ ಮಾವನಿಗೆ ಹೇಳಿಬಿಡು.

ನೀನು ಗಾಳಿಯಂತ್ರ ಅಂದರೆ ಭೂತ ಅನ್ನುವ ಹಾಗೆ ಬರೆಯುತ್ತೀಯ. ಎಣ್ಣೆ ತುಂಬಿದ ಹಡಗು ಬಂದರಿನ ಹೊರಗೆ ನಿಂತಿದೆ, ನಾನೇ ಕಣ್ಣಾರೆ ನೋಡಿದೆ. ಕೊಡಲು ದೇಶದ ಹತ್ತಿರ ಡಾಲರ್ ಇಲ್ಲ. ಗಾಳಿಯ ಕರಂಟು ಹಾಗಲ್ಲ, ಅದು ಡಾಲರ್ ಕೇಳುವುದಿಲ್ಲ. ಇದನ್ನು ನಾನು ಸಂಬಳಕ್ಕಾಗಿ ಹೇಳುತ್ತಿಲ್ಲ, ನಂಬಿ ಹೇಳುತ್ತಿದ್ದೇನೆ. ಇನ್ನೊಬ್ಬರ ಬಾವಿಯ ಎಣ್ಣೆ ನೆಚ್ಚಿಕೊಂಡು ಎಷ್ಟು ದಿನ ಅಂತ ಭಾವ ಬಂಕಿನ ಮುಂದೆ ಮಲಗಬೇಕು?

ದಂಡೆಯ ವಿಷಯ ಈಗ ಕೇಳಬೇಡ. ಎರಡು ಮಾತು ಮಾತ್ರ ನಡೆಸಿಕೊಡು. ಕಂಪನಿಯ ಜೀಪು ಬಂದರೆ ಅವರೆದುರು ನನ್ನ ಹೆಸರು ಎತ್ತಬೇಡ. ಇನ್ನೊಂದು, ಡೀಸೆಲ್‌ಗೆ ಕಾಯದೆ ಈ ಸಲ ಬಲೆಯನ್ನು ಕೈಯಲ್ಲೇ ಎಳೆಸು. ಜನ ಸೇರಿಸುವುದು ಕಷ್ಟ ಅಂತ ಗೊತ್ತು. ಆದರೂ ಎಳೆಸು.

ಒಂದು ಪ್ಯಾಕೆಟ್ ಹಾಲಿನ ಪುಡಿ ಕಳಿಸಿದ್ದೇನೆ. ನಿಸ್ತಾರ್ ನಾನಾ ದಾರಿಯಲ್ಲಿ ಟೀ ಮಾಡಿಕೊಂಡು ಕುಡಿಯದಿದ್ದರೆ ತಲುಪುತ್ತದೆ.

ಸವಿರಿಮುತ್ತು


ಸಂಗುಮುನೈ
3 ಜೂನ್ 2022

ಸವಿರಿ,

ಹಾಲಿನ ಪುಡಿ ತಲುಪಿತು. ಮಾತು ತಲುಪಲಿಲ್ಲ. "ಈಗ ಕೇಳಬೇಡ" ಅಂದರೆ ಏನರ್ಥ? ಕೇಳದೆ ಇರಲು ನಾನೇನು ನಿನ್ನ ಕಂಪನಿಯ ಗುಮಾಸ್ತಳೇ?

ಆದರೂ ನೀನು ಹೇಳಿದ ಹಾಗೆ ಕೈಯಲ್ಲೇ ಬಲೆ ಎಳೆಸಿದೆ. ಮೊದಲ ದಿನ ನನ್ನನ್ನು ನೋಡಿ ನಗದವರಿಲ್ಲ. "ಎಮರೆನ್ಸಿಯಾ, ಟ್ರಾಕ್ಟರಿನ ಬದಲು ನಿನ್ನ ಗಂಡನಿಗೆ ಹಗ್ಗ ಕಟ್ಟು, ಕ್ಯೂನಲ್ಲಿ ನಿಂತೂ ನಿಂತೂ ಕಾಲು ಗಟ್ಟಿಯಾಗಿರ್ತವೆ" ಅಂದರು. ಹೆಂಗಸರೇ ಮೊದಲು ಬಂದರು. ದೋಣಿಗೆ ಹುಟ್ಟು ಹಾಕಿ ಬಲೆ ಬಿಟ್ಟೆವು. ಎರಡೂ ತುದಿಯ ಹಗ್ಗ ಹಿಡಿದು ಎಳೆದಾಗ ನಮ್ಮ ಅಂಗೈಗಳು ಮೊದಲ ದಿನವೇ ಕಿತ್ತುಹೋದವು. ಭೂತಾಯಿ ಮೀನು ಬಂತು ನೋಡು, ಹೊಳೆಯುತ್ತಾ! ಅಲ್ಲಿಗೆ ನಗು ನಿಂತಿತು. ಮಾರನೆಯ ದಿನ ಗಂಡಸರೂ ಬಂದರು. ಈಗ ವಾರಕ್ಕೆ ಮೂರು ಸಲ ಎಳೆಯುತ್ತಿದ್ದೇವೆ. ಪಾಲು ಹಂಚಿದ ಮೇಲೆ ನಮ್ಮ ಕೈಗೆ ಬರುವುದು ಸ್ವಲ್ಪವೇ, ಆದರೆ ಒಲೆ ಉರಿಯುತ್ತಿದೆ. ಲೆಂಬರ್ಟ್ ಮಾವ ಮಾತ್ರ ಟ್ರಾಕ್ಟರ್ ಪಕ್ಕ ಕುರ್ಚಿ ಹಾಕಿಕೊಂಡು ಡೀಸೆಲ್ ಕಾಯುತ್ತಾರೆ. ಕೈಯಲ್ಲಿ ಎಳೆಯುವುದು ಅವರ ಮರ್ಯಾದೆಗೆ ಕಡಿಮೆ.

ಇದೆಲ್ಲ ಸಂತೋಷದ ಮಾತು. ಮುಂದಿನದನ್ನು ಕೇಳು. ಮೊನ್ನೆ ಜೀಪು ಬಂತು. ಅದರಲ್ಲಿ ದಸನಾಯಕ ಅನ್ನುವ ಇಂಜಿನಿಯರ್. ಒಳ್ಳೆ ಮಾತಿನ ಮನುಷ್ಯ. ನಾವು ಎಳೆಯುವುದನ್ನು ಕೊನೆಯವರೆಗೂ ನಿಂತು ನೋಡಿದ. ಆಮೇಲೆ ತನ್ನ ಅರೆಬರೆ ತಮಿಳಿನಲ್ಲಿ ಕೇಳಿದ, "ಅಮ್ಮ, ಅಜ್ಜಿಕಲ್ಲು ಎಲ್ಲಿದೆ? ಅದನ್ನ ಸುತ್ತಿ ಬರೋಕೆ ಬಲೆಗೆ ಎಷ್ಟು ಜಾಗ ಬೇಕು?"

ಅಜ್ಜಿಕಲ್ಲು ನೀರಿನ ಅಡಿಯ ಬಂಡೆ. ಅದು ಎಲ್ಲಿದೆ ಅಂತ ಅಪ್ಪ ನನಗೂ ನಿನಗೂ ಬಿಟ್ಟು ಇನ್ನೊಬ್ಬರಿಗೆ ತೋರಿಸಿದವರಲ್ಲ. ಲೆಂಬರ್ಟ್ ಮಾವನ ಅಪ್ಪ ಎಷ್ಟು ಸಲ ಹೆಂಡ ಕುಡಿಸಿ ಕೇಳಿದ್ದರು, ನಿನಗೇ ಗೊತ್ತು. ಅದು ಕೊಲಂಬೊದ ಇಂಜಿನಿಯರನ ಬಾಯಿಗೆ ಹೇಗೆ ಬಂತು?

ಎಮರೆನ್ಸಿಯಾ


ಕೊಲಂಬೊ
14 ಜೂನ್ 2022

ಅಕ್ಕ,

ಬಂಡೆಯ ವಿಷಯ ಯಾವುದೋ ಹಳೆಯ ನೌಕಾಪಡೆಯ ನಕ್ಷೆಯಲ್ಲಿ ಇದ್ದಿರಬಹುದು. ಅವರ ಹತ್ತಿರ ಎಲ್ಲ ನಕ್ಷೆಗಳೂ ಇರುತ್ತವೆ. ಅದನ್ನು ಅಷ್ಟು ದೊಡ್ಡದು ಮಾಡಬೇಡ. ಕೈಯಲ್ಲಿ ಎಳೆಯುತ್ತಿರುವುದು ಕೇಳಿ ಸಂತೋಷವಾಯಿತು. ನಿಲ್ಲಿಸಬೇಡ.

ನಾನೂ ಒಂದು ಮಾತು ಕೇಳಬೇಕು. ಜೀಪಿನ ಡ್ರೈವರ್ ಇಲ್ಲಿ ಕ್ಯಾಂಟೀನಿನಲ್ಲಿ ಹೇಳುತ್ತಿದ್ದ, ಸಂಗುಮುನೈಯಲ್ಲಿ ಒಬ್ಬ ಅಲೋಸಿಯಸ್‌ಗೆ ಕಂಪನಿಯ ಡೀಸೆಲ್ ಒಂದು ಕ್ಯಾನು ಕೊಟ್ಟೆ ಅಂತ. ನಮ್ಮೂರಿನಲ್ಲಿ ಭಾವನನ್ನು ಬಿಟ್ಟರೆ ಬೇರೆ ಅಲೋಸಿಯಸ್ ಇಲ್ಲ. ಈ ಕಂಪನಿಯ ಜನ ಮೊದಲು ಡೀಸೆಲ್ ಕೊಡುತ್ತಾರೆ, ಆಮೇಲೆ ಸಹಿ ಕೇಳುತ್ತಾರೆ. ಬೇರೆ ಊರುಗಳಲ್ಲಿ ಹಾಗೇ ಆಗಿದೆ. ಭಾವ ಏನಾದರೂ ಒಪ್ಪಿಕೊಂಡಿದ್ದಾರಾ? ನೀನು ನನ್ನಿಂದ ಏನಾದರೂ ಮುಚ್ಚಿಡುತ್ತಿದ್ದೀಯಾ?

ಸವಿರಿಮುತ್ತು


ಸಂಗುಮುನೈ
26 ಜೂನ್ 2022, ಭಾನುವಾರ

ಸವಿರಿಮುತ್ತು ಅವರಿಗೆ,

ಹೌದು, ನಿಮ್ಮ ಭಾವ ಒಂದು ಕ್ಯಾನು ಡೀಸೆಲ್ ತೆಗೆದುಕೊಂಡರು. ಲೆಂಬರ್ಟ್ ಮಾವನ ಸೊಸೆಗೆ ಹೆರಿಗೆ ನೋವು ಶುರುವಾಗಿತ್ತು. ಆಂಬುಲೆನ್ಸ್ ಬರಲಿಲ್ಲ, ಆಟೋಗೆ ಪೆಟ್ರೋಲ್ ಇರಲಿಲ್ಲ. ಜೀಪಿನವನ ಕಾಲು ಹಿಡಿದು ಡೀಸೆಲ್ ಇಸಕೊಂಡು, ಟ್ರಾಕ್ಟರಿನಲ್ಲಿ ಹಾಸಿಗೆ ಹಾಕಿ ಅವಳನ್ನು ಆಸ್ಪತ್ರೆಗೆ ಸಾಗಿಸಿದರು. ಹೆಣ್ಣು ಮಗು. ಅದರ ಹೆಬ್ಬೆಟ್ಟಿನಲ್ಲಿ ಬೇಕಾದರೆ ಸಹಿ ಹಾಕಿಸಿಕೊಳ್ಳಲು ಹೇಳಿ ನಿಮ್ಮ ಕಂಪನಿಗೆ.

ಕೇಳುವ ಸರದಿ ಈಗ ನನ್ನದು. ಶುಕ್ರವಾರ ಕಂಪನಿಯವರು ಬಂದು ಹನ್ನೆರಡು ಗೂಟ ನೆಟ್ಟು ಹೋದರು. ತಲೆಗೆ ಬಿಳಿ ಬಣ್ಣ ಬಳಿದ ಕಬ್ಬಿಣದ ಗೂಟ. ಎಲ್ಲವೂ ನಮ್ಮ ದಂಡೆಯಲ್ಲಿ. ಲೆಂಬರ್ಟ್ ಮಾವನ ದಂಡೆಯಲ್ಲಿ ಒಂದೇ ಒಂದೂ ಇಲ್ಲ. ಯಾಕೆ ಅಂತ ಕೇಳಿದರೆ, "ಆಫೀಸಿನಲ್ಲಿ ಗೊತ್ತು" ಅಂದರು. ನಕ್ಷೆಯಲ್ಲಿತ್ತು ಅಂದಿರಲ್ಲ ಅಜ್ಜಿಕಲ್ಲು? ಅಪ್ಪ ಅದಕ್ಕೆ ಆ ಹೆಸರಿಟ್ಟದ್ದು, ಅಲ್ಲಿ ಬಲೆ ಸಿಕ್ಕಿ ಹರಿದಾಗಲೆಲ್ಲ ಅಜ್ಜಿ ಬೈಯುತ್ತಿದ್ದರು ಅಂತ. ಯಾವ ನೌಕಾಪಡೆಗೆ ನಮ್ಮಜ್ಜಿ ಗೊತ್ತು? ಸುಳ್ಳು ಹೇಳಲು ಬಾರದಿದ್ದರೆ ಸುಮ್ಮನಿರಬೇಕು.

ಇವತ್ತು ಪೂಜೆಯಲ್ಲಿ ನನ್ನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಹೊರಗೆ ಬಂದ ಮೇಲೆ ಲೆಂಬರ್ಟ್ ಮಾವ ಎಲ್ಲರೆದುರು ಹೇಳಿದರು: "ಗೂಟ ನೆಟ್ಟಿದ್ದಾರೆ ಅಂದ್ರೆ ಕೊಂಡಿದ್ದಾರೆ ಅಂತ. ಎಷ್ಟಕ್ಕೆ ಮಾರಿದ್ಯಮ್ಮ? ಈ ದಂಡೇಲಿ ರಸ್ತೆ ಬಂದ್ರೆ ನನ್ನ ದಂಡೆಗೆ ಮೀನು ಬರ್ತದಾ?" ನಮ್ಮ ಕಟ್ಟಳೆ ನಿಮಗೆ ನೆನಪಿರಬೇಕು, ಮರೆತಿದ್ದರೆ ಹೇಳುತ್ತೇನೆ. ದಂಡೆಯಲ್ಲಿ ಪರರ ಗೂಟ ಎರಡು ಭಾನುವಾರ ನಿಂತರೆ, ದಂಡೆಯವರು ಒಪ್ಪಿ ಬಿಟ್ಟುಕೊಟ್ಟರು ಅಂತಲೇ ಲೆಕ್ಕ. ಇವತ್ತು ಮೊದಲ ಭಾನುವಾರ.

ನಿಸ್ತಾರ್ ನಾನಾ ಗುರುವಾರ ಕೊಲಂಬೊದಿಂದ ಹೊರಡುತ್ತಾರೆ. ನಿಜ ಬರೆದು ಕಳಿಸಿ.

ಎಮರೆನ್ಸಿಯಾ


ಕೊಲಂಬೊ
30 ಜೂನ್ 2022

ಅಕ್ಕ,

ನನಗೆ "ಅವರಿಗೆ" ಅಂತ ಬರೆದೆಯಲ್ಲ, ಅದನ್ನು ಓದಿ ಅತ್ತುಬಿಟ್ಟೆ. ಎಲ್ಲ ಹೇಳುತ್ತೇನೆ. ಓದಿ ಒಲೆಗೆ ಹಾಕು.

ಆ ಗೂಟಗಳು ದಂಡೆಯನ್ನು ತೆಗೆದುಕೊಳ್ಳಲು ನೆಟ್ಟದ್ದಲ್ಲ, ಬಿಡಲು ನೆಟ್ಟದ್ದು. ರಸ್ತೆ ತೀರದುದ್ದಕ್ಕೂ ಬರುವುದಿತ್ತು. ಬಳಕೆಯಲ್ಲಿರುವ ದಂಡೆಯನ್ನು ಮುಟ್ಟಬಾರದು ಅಂತ ಒಂದು ನಿಯಮವಿದೆ. ಅದನ್ನು ಹಿಡಿದು ನಾನು ದಸನಾಯಕರ ಹಿಂದೆ ಬಿದ್ದೆ. "ಬಳಕೆಯಲ್ಲಿ ಇದೆ ಅನ್ನೋದಕ್ಕೆ ಏನು ಗುರುತು?" ಅಂದರು. ಅದಕ್ಕೇ ಕೈಯಲ್ಲಿ ಎಳೆಸು ಅಂತ ನಿನಗೆ ಬರೆದದ್ದು. ಅಜ್ಜಿಕಲ್ಲಿನ ಮಾತು ಹೇಳಿದವನೂ ನಾನೇ. ಬಲೆ ಸುತ್ತಿ ಬರಲು ಎಷ್ಟು ಜಾಗ ಬೇಕು ಅಂತ ತೋರಿಸಲು ಬೇರೆ ದಾರಿ ಇರಲಿಲ್ಲ. ಸುಳ್ಳು ಹೇಳಿದ್ದು ತಪ್ಪಾಯಿತು.

ಯಾಕೆ ಮುಚ್ಚಿಟ್ಟೆ ಅಂದರೆ, ಆ ದಂಡೆ ನನ್ನ ಅಕ್ಕನದು ಅಂತ ಇಲ್ಲಿ ಒಬ್ಬರಿಗೂ ಗೊತ್ತಿಲ್ಲ. ಗೊತ್ತಾದರೆ ನನ್ನ ಮಾತಿಗೆ ಕಾಸಿನ ಬೆಲೆ ಇರುವುದಿಲ್ಲ, ಗೂಟಗಳೂ ಹೋಗುತ್ತವೆ, ಕೆಲಸವೂ ಹೋಗುತ್ತದೆ. ಇನ್ನೊಂದು ಕಾರಣ ಬರೆಯಲು ನಾಚಿಕೆ. ಲೆಂಬರ್ಟ್ ಮಾವನ ದಂಡೆ ಉಳಿಯುವುದಿಲ್ಲ. ಡೀಸೆಲ್ ಇಲ್ಲದೆ ಅವರು ಈ ಋತುವಿನಲ್ಲಿ ಒಂದು ಸಲವೂ ಬಲೆ ಬಿಟ್ಟಿಲ್ಲ. ಕಂಪನಿಯ ಕಣ್ಣಿಗೆ ಅದು ಖಾಲಿ ತೀರ. ನಮ್ಮದಷ್ಟೇ ಉಳಿಯಿತು ಅಂತ ಊರಿಗೆ ಗೊತ್ತಾದರೆ ನೀನು ತಲೆ ಎತ್ತಿ ನಡೆಯಲಾರೆ.

ಗೂಟ ನೆಟ್ಟವರು ಒಂದು ತಂಡ. ಅವನ್ನು ಅಳೆದು ನಕ್ಷೆಗೆ ಏರಿಸುವುದು ಇನ್ನೊಂದು ತಂಡ. ಅವರಿಗೆ ಡೀಸೆಲ್ ಸಿಕ್ಕಿಲ್ಲ, ಮುಂದಿನ ತಿಂಗಳು ಬರುತ್ತಾರೆ. ಅಲ್ಲಿಯವರೆಗೆ ಆ ಗೂಟಗಳನ್ನು ಕಣ್ಣಿನ ಹಾಗೆ ಕಾಯಿ. ಕಟ್ಟಳೆ ಈ ಒಂದು ಸಲ ಬದಿಗಿರಲಿ.

ನಿನ್ನ ಸವಿರಿ


ಸಂಗುಮುನೈ
4 ಜುಲೈ 2022

ಸವಿರಿಮುತ್ತು,

ಗುರುವಾರ ಹೋಯಿತು, ಶುಕ್ರವಾರ ಹೋಯಿತು. ಲಾರಿ ಬರಲಿಲ್ಲ. ಬಂದದ್ದು ನಿನ್ನ ಫೋನು, ಅದೂ ಫಾದರ್‌ಗೆ. ನಮ್ಮ ಫಾದರ್‌ಗೆ ಕಿವಿ ಮಂದ ಅಂತ ನಿನಗೆ ಗೊತ್ತಿಲ್ಲವೇ? ಶನಿವಾರ ಸಂಜೆ ಜಪಮಾಲೆಗೆ ಎಲ್ಲರೂ ಕೂತಿದ್ದೆವು. ಫಾದರ್ ಫೋನನ್ನು ಜೋರಾಗಿ ಕೇಳುವಂತೆ ಇಟ್ಟರು. ನಿನ್ನ ಧ್ವನಿ ಚರ್ಚಿನೊಳಗೆಲ್ಲ ಕೇಳಿತು: "ಫಾದರ್, ನಮ್ಮಕ್ಕನಿಗೆ ಹೇಳಿ, ಗೂಟ ಮುಟ್ಟಬೇಡ ಅಂತ. ಯಾರು ಏನಂದ್ರೂ ಕೀಳೋಕೆ ಬಿಡಬೇಡ ಅಂತ. ಕಾರಣ ಕಾಗದದಲ್ಲಿದೆ."

ಆಮೇಲೆ ಯಾರೂ ಜಪ ಮುಂದುವರಿಸಲಿಲ್ಲ. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಿನ್ನೆ ಭಾನುವಾರ. ಪೂಜೆ ಮುಗಿದ ಕೂಡಲೇ ಹಾರೆ ತೆಗೆದುಕೊಂಡು ದಂಡೆಗೆ ಹೋದೆ. ಇಡೀ ಊರು ಹಿಂದೆ ಬಂತು. ಹನ್ನೆರಡೂ ಗೂಟಗಳನ್ನು ನಾನೇ ಕಿತ್ತೆ, ಯಾರಿಗೂ ಕೈ ಹಾಕಲು ಬಿಡಲಿಲ್ಲ. ಕೊನೆಯದನ್ನು ಕಿತ್ತಾಗ ಹೆಂಗಸರು ಕೈ ತಟ್ಟಿದರು. ಲೆಂಬರ್ಟ್ ಮಾವ ನನ್ನ ತಲೆ ಮೇಲೆ ಕೈಯಿಟ್ಟು, "ನಿನ್ನ ಮೇಲೆ ಅನುಮಾನ ಪಟ್ಟೆನಲ್ಲಮ್ಮ, ನೀನು ನಿಜವಾಗ್ಲೂ ನಿಮ್ಮಪ್ಪನ ಮಗಳು" ಅಂದರು. ತಮ್ಮನ ವಿಷಯ ಯಾರೂ ಎತ್ತಲಿಲ್ಲ. ನನಗೆ ಎಷ್ಟು ಹಗುರವಾಯಿತು ಅಂದರೆ, ಮನೆಗೆ ಬಂದು ಎರಡು ತಟ್ಟೆ ಪುಟ್ಟು ತಿಂದೆ.

ಇನ್ನು ಕಾಗದ ಬರೆಯಬೇಡ. ನಿನ್ನ ಊಟ ನಿನಗೆ, ನಮ್ಮ ಗಂಜಿ ನಮಗೆ.

ಎಮರೆನ್ಸಿಯಾ


ಸಂಗುಮುನೈ
11 ಜುಲೈ 2022

ತಮ್ಮಾ,

ನಿಸ್ತಾರ್ ನಾನಾ ಈಗ ಬಂದರು. ದಾರಿಯ ಪುತ್ತಳಂನಲ್ಲಿ ಡೀಸೆಲ್‌ಗೆ ಇಷ್ಟು ದಿನ ನಿಂತಿದ್ದರಂತೆ, ಐಸೆಲ್ಲ ಕರಗಿ, ಗಡ್ಡ ಬಿಟ್ಟುಕೊಂಡು ಬಂದಿದ್ದಾರೆ. ಒಂದು ಕೈಯಲ್ಲಿ ನಿನ್ನ ಕಾಗದ ಕೊಟ್ಟರು, ಇನ್ನೊಂದು ಕೈಯಲ್ಲಿ ನನ್ನದನ್ನು ಇಸಕೊಂಡರು. ನಿನ್ನದನ್ನು ನಿಂತಲ್ಲೇ ಓದಿದೆ.

ನನ್ನ ನಾಲ್ಕನೇ ತಾರೀಕಿನ ಕಾಗದ ಹರಿಯಬಹುದಿತ್ತು. ಹರಿಯಲಿಲ್ಲ, ಅದೂ ಇದರ ಜೊತೆಗೇ ಬರುತ್ತಿದೆ. ನಿನ್ನಿಂದ ಇನ್ನು ನಾನೇನೂ ಮುಚ್ಚಿಡಬಾರದು. ಗೂಟ ಕಿತ್ತುಹಾಕಿದ್ದೇನೆ ಸವಿರಿ. ನನ್ನ ಕೈಯಾರೆ ಕಿತ್ತೆ. ಮೀನುಬುಟ್ಟಿಗಳ ಹಿಂದೆ ಗುಡ್ಡೆ ಹಾಕಿ ಇಟ್ಟಿದ್ದಾರೆ, ಗುಜರಿಗೆ ಹಾಕೋಣ ಅಂತ ಸಂಘದವರು ಕಾಯುತ್ತಿದ್ದಾರೆ.

ನನ್ನ ಮೇಲೆ ನನಗೆ ಸಿಟ್ಟಿದೆ, ನಿನ್ನ ಮೇಲೂ ಇದೆ. ಮೊದಲ ಕಾಗದದಲ್ಲೇ ಎರಡು ಸಾಲು ಬರೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಅಕ್ಕನ ಬಾಯಿ ಮೇಲೆ ನಂಬಿಕೆ ಇರಲಿಲ್ಲವೇ? ಮತ್ತೆ ಲೆಂಬರ್ಟ್ ಮಾವನ ದಂಡೆಯನ್ನು ಖಾಲಿ ತೀರ ಅಂತ ಹೇಗೆ ಬರೆದೆ? ಅವರ ಮನೆಯಲ್ಲಿ ಹತ್ತು ಬಾಯಿ, ಈಗ ಮಗುವೊಂದು ಬೇರೆ. ಡೀಸೆಲ್ ಬೆಲೆ ಏರಿಸಿದವರೂ ಮೇಲಿನವರೇ, ಡೀಸೆಲ್ ಇಲ್ಲದೆ ಸುಮ್ಮನೆ ಕೂತರೆ ದಂಡೆ ಖಾಲಿ ಅನ್ನುವವರೂ ಮೇಲಿನವರೇ. ಇದ್ಯಾವ ನ್ಯಾಯ?

ಅಳೆಯುವವರು ಬರುವುದು ಯಾವತ್ತು? ಅದೊಂದು ಹೇಳು.

ಅಕ್ಕ


ಕೊಲಂಬೊ
19 ಜುಲೈ 2022

ಅಕ್ಕ,

ಎರಡೂ ಕಾಗದ ಓದಿದೆ. ನೀನು ಬೈದದ್ದೆಲ್ಲ ಸರಿ. ಈಗ ಜಗಳಕ್ಕೆ ಹೊತ್ತಿಲ್ಲ.

ಅಳೆಯುವವರು 26ನೇ ತಾರೀಕು ಮಂಗಳವಾರ ಬೆಳಗ್ಗೆ ಬರುತ್ತಾರೆ. ಅವರು ಹೊಸಬರು, ಗೂಟ ಎಲ್ಲಿದ್ದವು ಅಂತ ಅವರಿಗೆ ಗೊತ್ತಿಲ್ಲ. ಗೂಟದ ಒಳಗೆ ಬಂದದ್ದು, ಜನ ಬಲೆ ಎಳೆಯುವುದು ಕಣ್ಣಿಗೆ ಕಂಡದ್ದು, ಅಷ್ಟನ್ನು ನಕ್ಷೆಯಲ್ಲಿ ಬಿಡುತ್ತಾರೆ. ಉಳಿದದ್ದು ರಸ್ತೆಗೆ. ಅಷ್ಟರೊಳಗೆ ಗೂಟಗಳನ್ನು ಇದ್ದಲ್ಲೇ ನೆಡು. ಊರಿನವರು ಉಗಿದರೂ ಸರಿ, ನೆಡು. ಕಾರಣ ಮಾತ್ರ ಯಾರಿಗೂ ಹೇಳಬೇಡ.

ಲೆಂಬರ್ಟ್ ಮಾವನ ವಿಷಯದಲ್ಲಿ ನನ್ನಿಂದ ಆಗುವುದು ಏನೂ ಇಲ್ಲ. ಕ್ಷಮಿಸು.

ಸವಿರಿ


ಸಂಗುಮುನೈ
28 ಜುಲೈ 2022

ತಮ್ಮಾ,

ನೆಟ್ಟೆ. ಆದರೆ ಇದ್ದಲ್ಲೇ ನೆಡಲಿಲ್ಲ.

ಸೋಮವಾರ ಲೆಂಬರ್ಟ್ ಮಾವನ ಮನೆಗೆ ಹೋದೆ. "ಮಾವ, ನಾಳೆ ನಿಮ್ಮ ದಂಡೇಲೂ ಕೈಯಲ್ಲಿ ಬಲೆ ಎಳೆಸಿ. ಜನ ನಾನು ತರ್ತೀನಿ" ಅಂದೆ. ಕಣ್ಣು ಸಣ್ಣದು ಮಾಡಿ ನೋಡಿದರು. "ನಾಳೆ ಏನಿದೆ? ಕಂಪನಿಯವರು ಫೋಟೋ ಹಿಡಿಯೋಕೆ ಬರ್ತಾರಾ? ನಿನ್ನ ತಮ್ಮ ಹೇಳಿಕಳಿಸಿದ್ನಾ?" "ಒಂದೇ ದಿನ ಎಳೆಸಿ ಮಾವ" ಅಂದೆ. "ನಾಳೆ ನನಗೆ ಡೀಸೆಲ್ ಚೀಟಿ ಸರದಿ, ಮನ್ನಾರ್‌ಗೆ ಹೋಗ್ತೀನಿ" ಅಂದು ಎದ್ದರು.

ಮಂಗಳವಾರ ಅವರು ಸೈಕಲ್ ಹತ್ತಿ ಹೋದ ಮೇಲೆ ಗೂಟಗಳನ್ನು ಹೊತ್ತುಕೊಂಡು ದಂಡೆಗೆ ಹೋದೆ. ನಮ್ಮ ದಂಡೆಗೆ ಆರು, ಅವರ ದಂಡೆಗೆ ಆರು. ಎರಡನ್ನೂ ಸೇರಿಸಿ ಸುತ್ತ ನೆಟ್ಟೆ. ಎಲ್ಲರೂ ನೋಡುತ್ತಿದ್ದರು. "ಕಿತ್ತದ್ದು ನಾಟಕ, ರೇಟು ಏರಿಸೋಕೆ ಕಿತ್ತಳು" ಅಂತ ಯಾರೋ ಅಂದದ್ದು ಕಿವಿಗೆ ಬಿತ್ತು. ಅವತ್ತು ಕೈ ತಟ್ಟಿದ ಹೆಂಗಸರೇ ಇರಬೇಕು.

ಆಮೇಲೆ ಮಾಡಿದ್ದನ್ನು ನಮ್ಮ ವಂಶದಲ್ಲಿ ಯಾರೂ ಮಾಡಿಲ್ಲ. ಲೆಂಬರ್ಟ್ ಮಾವ ಒಪ್ಪಿದ್ದಾರೆ ಅಂತ ಸುಳ್ಳು ಹೇಳಿ, ನನ್ನ ಬಲೆಯನ್ನು ಅವರ ದಂಡೆಯಲ್ಲಿ ಬಿಟ್ಟೆ. ನಮ್ಮ ದಂಡೆಯಲ್ಲಿ ಎಳೆಯುವುದನ್ನು ದಸನಾಯಕ ಆಗಲೇ ನೋಡಿದ್ದನಲ್ಲ. ಬಂದ ಮೀನೆಲ್ಲ ಎಳೆದವರದ್ದೇ, ನನಗೆ ಪಾಲು ಬೇಡ ಅಂದದ್ದಕ್ಕೆ ಜನ ಬಂದರು. ಜೀಪು ಬಂದಾಗ ಅರ್ಧ ಬಲೆ ದಡಕ್ಕೆ ಬಂದಿತ್ತು. ಅಳೆಯುವವರು ಗೂಟ ಗೂಟಕ್ಕೂ ಯಂತ್ರ ಹಿಡಿದರು, ಬಲೆ ಎಳೆಯುವುದನ್ನು ಫೋಟೋ ಹೊಡೆದುಕೊಂಡರು, ಹೋದರು. ಅವರು ತಿರುವು ದಾಟುವುದಕ್ಕೂ ಲೆಂಬರ್ಟ್ ಮಾವ ಖಾಲಿ ಕ್ಯಾನಿನೊಂದಿಗೆ ಬರುವುದಕ್ಕೂ ಸರಿಹೋಯಿತು.

ಅವರು ಬೈಯಲಿಲ್ಲ ಸವಿರಿ. ಬೈದಿದ್ದರೆ ಚೆನ್ನಾಗಿತ್ತು. ಮರಳಿನ ಮೇಲೆ ಕೂತುಬಿಟ್ಟರು. "ಕಂಪನಿ ಕದೀತದೆ ಅಂತ ಕಾಯ್ತಾ ಇದ್ದೆ. ನೀನು ಕದ್ಯಲ್ಲೇ" ಅಂದರು. ಹೇಳಿಬಿಡಲೇ ಅಂತ ನಾಲಿಗೆ ತುದಿಯವರೆಗೂ ಬಂತು, ನಿನ್ನ ಕೆಲಸ ನೆನಪಾಗಿ ನುಂಗಿಕೊಂಡೆ.

ನಿನ್ನೆ ಸಂಘ ಸೇರಿತು. ಪರರ ದಂಡೆಯಲ್ಲಿ ಬಲೆ ಬಿಟ್ಟದ್ದಕ್ಕೆ ಈ ಋತು ಮುಗಿಯುವವರೆಗೆ ನನ್ನ ಬಲೆ ನೀರಿಗಿಳಿಯಬಾರದು, ಯಾರೂ ನನ್ನ ಹಗ್ಗ ಹಿಡಿಯಬಾರದು. ಒಪ್ಪಿಕೊಂಡೆ. ನಿನ್ನ ಭಾವ ಮಾತ್ರ ನನ್ನ ಪಕ್ಕದಲ್ಲಿ ನಿಂತಿದ್ದರು. ಮನೆಗೆ ಬಂದು, "ನೀನು ಕಾರಣ ಹೇಳಬೇಡ, ನಾನು ಕೇಳಲ್ಲ. ಹೊಟ್ಟೆಗೆ ಏನಾದ್ರೂ ಮಾಡು" ಅಂದರು.

ನಿನ್ನನ್ನು ಕೇಳುತ್ತಾರೆ. ಎರಡೂ ದಂಡೆ ಬಳಕೆಯಲ್ಲಿದ್ದವಾ ಅಂತ ಕೇಳುತ್ತಾರೆ. ಹೌದು ಅನ್ನು.

ಅಕ್ಕ


ಕೊಲಂಬೊ
24 ಆಗಸ್ಟ್ 2022

ಅಕ್ಕ,

ಕೇಳಿದರು. ಹೌದು ಅಂದೆ.

ದಸನಾಯಕರು ಫೋಟೋಗಳನ್ನು ಮೇಜಿನ ಮೇಲೆ ಹರಡಿಕೊಂಡು ಒಂದೊಂದೇ ನೋಡಿದರು. ನಿನ್ನ ಫೋಟೋದ ಮೇಲೆ ಬೆರಳಿಟ್ಟು, "ಈಯಮ್ಮ ನಿಮಗೇನಾಗ್ಬೇಕು? ಮೂಗು ಅಚ್ಚು ಹೊಡೆದ ಹಾಗೆ ಒಂದೇ ಥರ ಇದೆಯಲ್ರೀ" ಅಂದರು. ಅಪ್ಪನ ಮೂಗು ನಮ್ಮಿಬ್ಬರಿಗೂ ಕೊಟ್ಟ ಉಪಕಾರ ಇದು. "ಅಕ್ಕ" ಅಂದೆ. ಇನ್ನು ಸುಳ್ಳು ಹೇಳುವ ಶಕ್ತಿ ಇರಲಿಲ್ಲ.

ನೀವು ಎಳೆಯುವುದನ್ನು ತಾವೇ ಕಣ್ಣಾರೆ ನೋಡಿದ್ದಕ್ಕೋ ಏನೋ, ಅವರು ನಕ್ಷೆಯನ್ನು ತಿದ್ದಲಿಲ್ಲ. ಸಂಗುಮುನೈಯ ಎರಡೂ ದಂಡೆ ಬಿಟ್ಟುಹೋಗಿವೆ, ಸಹಿ ಆಗಿದೆ. ನನ್ನನ್ನು ಮಾತ್ರ ತಿಂಗಳ ಕೊನೆಗೆ ಕೆಲಸದಿಂದ ತೆಗೆಯುತ್ತಿದ್ದಾರೆ. ರಸ್ತೆ ಬೇರೆ ಊರಿನ ತೀರಕ್ಕೆ ಹೋಯಿತು. ಅಲ್ಲಿಯೂ ಯಾರೋ ಟ್ರಾಕ್ಟರ್ ಪಕ್ಕ ಕುರ್ಚಿ ಹಾಕಿಕೊಂಡು ಕಾಯುತ್ತಿರಬೇಕು. ಗಾಳಿಯಂತ್ರ ಬೇಕು ಅಂತ ನಾನು ಈಗಲೂ ಹೇಳುತ್ತೇನೆ. ಯಾರ ಕಾಲಡಿಯ ಮರಳು ತೆಗೆದು ನಿಲ್ಲಿಸಬೇಕು ಅಂತ ಯಾರಾದರೂ ಕೇಳಿದರೆ ಬಾಯಿ ಕಟ್ಟುತ್ತದೆ.

ಸೀಮೆಎಣ್ಣೆ ಬೆಲೆ ನಾಲ್ಕು ಪಟ್ಟು ಮಾಡಿದ್ದಾರೆ ಅಂತ ಕೇಳಿದೆ. ಭಾವ ಇನ್ನು ಕ್ಯೂನಲ್ಲಿ ನಿಲ್ಲುವುದೂ ಬೇಡವೇನೋ.

ಈಗ ನನ್ನ ಕೆಲಸಕ್ಕೆ ಹೆದರುವ ಅಗತ್ಯವಿಲ್ಲ. ಎಲ್ಲರಿಗೂ ನಿಜ ಹೇಳಿಬಿಡು ಅಕ್ಕ. ನೀನು ಯಾಕೆ ಕಳ್ಳಿಯಾಗಿ ಬದುಕಬೇಕು?

ಸವಿರಿ


ಸಂಗುಮುನೈ
4 ಸೆಪ್ಟೆಂಬರ್ 2022

ತಮ್ಮಾ,

ಹೇಳಿದೆ. ಮೊದಲು ಲೆಂಬರ್ಟ್ ಮಾವನಿಗೇ ಹೇಳಬೇಕು ಅಂತ ಅವರ ಮನೆಗೆ ಹೋದೆ. ಮೊದಲಿಂದ ಕೊನೆಯವರೆಗೂ ಒಂದನ್ನೂ ಬಿಡದೆ ಹೇಳಿದೆ. ಅವರು ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೇಳಿದರು. ಮುಗಿದ ಮೇಲೆ ನಕ್ಕರು.

"ತಮ್ಮನ್ನ ಕಂಪನಿ ಹೊರಗೆ ಹಾಕ್ತಲ್ವಾ? ಅದಕ್ಕೆ ಈಗ ಕಥೆ ಬಂತು. ನನ್ನ ದಂಡೆ ಉಳಿದದ್ದು ನಮ್ಮ ಚರ್ಚಿನ ಮಾತೆಯ ಕೃಪೆ. ನಿನ್ನ ಹಂಗಲ್ಲ ಎಮರೆನ್ಸಿಯಾ" ಅಂದರು.

ಸೀಮೆಎಣ್ಣೆ ಬೆಲೆ ಕೇಳಿದ ಮೇಲೆ ಅವರ ಜಂಬ ಇಳಿದಿದೆ. ನಿನ್ನೆ ಅವರ ದಂಡೆಯಲ್ಲಿ ಕೈಯಲ್ಲೇ ಬಲೆ ಎಳೆದರು. ನನ್ನ ಹಗ್ಗ ಹಿಡಿಯುತ್ತಿದ್ದವರೇ ಎಲ್ಲ ಅಲ್ಲಿದ್ದರು. ನಾನು ದಾರಿಯ ಬದಿಯಲ್ಲಿ ನಿಂತು ನೋಡಿದೆ. ಬಲೆ ತುಂಬಿತ್ತು. ಹೊಟ್ಟೆ ಉರಿಯಲಿಲ್ಲ, ಸುಳ್ಳು ಹೇಳುತ್ತಿಲ್ಲ. ಕಣ್ಣೀರು ಮಾತ್ರ ಬಂತು.

ನೀನು ಬಾ ಸವಿರಿ. ಋತು ಮುಗಿದು ಶಿಕ್ಷೆ ಮುಗಿದರೂ ನನ್ನ ಬಲೆಗೆ ಜನ ಬರುವುದಿಲ್ಲ, ನನಗೆ ಗೊತ್ತು. ಎಳೆಯದೆ ಬಿಟ್ಟರೆ ನಮ್ಮ ದಂಡೆಯೂ ಖಾಲಿ ತೀರವಾಗುತ್ತದೆ. ದೊಡ್ಡ ಬಲೆ ಕತ್ತರಿಸಿ ಚಿಕ್ಕದು ಮಾಡಲು ನಿನ್ನ ಭಾವ ಕೂತಿದ್ದಾರೆ. ಮೂವರು ಎಳೆಯುವಷ್ಟು ಸಾಕು ಅಂತ ಹೇಳಿದ್ದೇನೆ.

ಅಕ್ಕ